ಮೊದಲು ಗೇಟು, ಆಮೇಲೆ ರೂಮು: ನಾಗರಹೊಳೆ, ಬಂಡೀಪುರದಲ್ಲಿ ನಾವು ಉಳಿದ ನಾಲ್ಕು ಜಾಗ

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಕೇರಳ ಗಡಿಯ ಬಾವಲಿ ಚೆಕ್‌ಪೋಸ್ಟ್ ಮುಂದೆ ಕಾರು ನಿಲ್ಲಿಸಿಕೊಂಡು ಗೇಟು ತೆಗೆಯೋದನ್ನೇ ಕಾಯುತ್ತಾ ಕೂತಿದ್ದೆವು. ಹಿಂದೆ ಅಮ್ಮ ಶಾಲು ಹೊದ್ದು ತೂಕಡಿಸುತ್ತಿದ್ದರು. ಮಗಳು ವಾಂತಿ ಬರೋ ಹಾಗಿದೆ ಅಂತ ಮುಖ ಸಣ್ಣ ಮಾಡಿದ್ದಳು. ಭಾವ ತಮ್ಮ ದೊಡ್ಡ ಲೆನ್ಸನ್ನು ಎಳೆಗೂಸಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡು ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. ಗೇಟು ಆರಕ್ಕೆ ತೆಗೀತು. ಕಾಡಿನ ರಸ್ತೆ, ಉಬ್ಬುಗಳು ಒಂದರ ಹಿಂದೆ ಒಂದು, ಜೋರಾಗಿ ಓಡಿಸೋ ಹಾಗಿಲ್ಲ, ಓಡಿಸಲೂಬಾರದು. ನಾವು ದಮ್ಮನಕಟ್ಟೆ ಮುಟ್ಟೋ ಹೊತ್ತಿಗೆ ನಮ್ಮ ಸಫಾರಿ ಬಸ್ಸು ಹೊರಟುಹೋಗಿತ್ತು. ದುಡ್ಡು ವಾಪಸ್ ಬರಲಿಲ್ಲ. ಅವರದೇನೂ ತಪ್ಪಿಲ್ಲ, ನಾವೇ ತಡ.

ತಪ್ಪಾಗಿದ್ದು ಎಲ್ಲಿ ಅಂದ್ರೆ, ನಮ್ಮ ರೂಮು ಇದ್ದದ್ದು ಕುಟ್ಟದಲ್ಲಿ, ಸಫಾರಿ ಇದ್ದದ್ದು ಕಬಿನಿ ಕಡೆ. ಬೆಂಗಳೂರಿನ ಒಬ್ಬ ಏಜೆಂಟ್ 'ನಾಗರಹೊಳೆ ಪ್ಯಾಕೇಜ್' ಅಂತ ಎರಡನ್ನೂ ಒಂದೇ ಕಂತೆ ಕಟ್ಟಿ ಮಾರಿದ್ದ. ಎರಡೂ ನಾಗರಹೊಳೆಯೇ, ಸುಳ್ಳಲ್ಲ. ಆದರೆ ನಡುವೆ ಇಡೀ ಕಾಡೇ ಇದೆಯಲ್ಲ! ಫೋನ್ ಮಾಡಿ ಜಗಳ ಆಡಿದ್ದಕ್ಕೆ 'ಮ್ಯಾಪಲ್ಲಿ ಹತ್ರಾನೇ ತೋರಿಸ್ತು ಸಾರ್' ಅಂದ.

ಅದಕ್ಕೇ ಇದನ್ನು ಬರೀತಾ ಇದ್ದೀನಿ. ಈ ನಾಲ್ಕೈದು ವರ್ಷದಲ್ಲಿ ಈ ಎರಡು ಕಾಡುಗಳ ಸುತ್ತ ನಾಲ್ಕು ಥರದ ಜಾಗದಲ್ಲಿ ಉಳಿದಿದ್ದೇವೆ. ಹೋಂಸ್ಟೇ, ಅರಣ್ಯ ಇಲಾಖೆ ಕಾಟೇಜು, ಒಂದು ಖಾಸಗಿ ರೆಸಾರ್ಟು, ಆಮೇಲೆ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್. ರೂಮಿನ ಫೋಟೊ ನೋಡಿ ಬುಕ್ ಮಾಡೋರು ಒಂದು ನಿಮಿಷ ನಿಲ್ಲಿ. ಮೊದಲು ಯಾವ ಗೇಟಿಂದ ಒಳಗೆ ಹೋಗ್ತೀರಿ ಅಂತ ತೀರ್ಮಾನ ಮಾಡಿ. ರೂಮು ಆಮೇಲೆ ನೋಡಿದರಾಯ್ತು.

ನಾಗರಹೊಳೆ ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿಕೊಂಡಿದೆ, ರಾಷ್ಟ್ರೀಯ ಉದ್ಯಾನ ಅನ್ನೋ ಭಾಗವೇ 640 ಚದರ ಕಿಲೋಮೀಟರ್ ದಾಟುತ್ತೆ. ಸಫಾರಿ ಹೊರಡೋದು ಮೂರು ಕಡೆಯಿಂದ. ಕೊಡಗಿನ ಕುಟ್ಟದ ಹತ್ತಿರ ನಾಣಚ್ಚಿ ಗೇಟು, ಹುಣಸೂರು ಕಡೆಯಿಂದ ವೀರನಹೊಸಹಳ್ಳಿ, ಎಚ್.ಡಿ. ಕೋಟೆ ಕಡೆಯಿಂದ ದಮ್ಮನಕಟ್ಟೆ. ಜನ ಬಾಯಲ್ಲಿ 'ಕಬಿನಿ' ಅನ್ನೋದು ಈ ಮೂರನೇದನ್ನು. ಒಂದು ಕಡೆ ರೂಮು ಮಾಡಿ ಇನ್ನೊಂದು ಕಡೆ ಸಫಾರಿಗೆ ಹೋಗ್ತೀನಿ ಅಂದ್ರೆ ನಮ್ಮ ಗತಿಯೇ ನಿಮಗೂ. ಯಾಕಂದ್ರೆ ಹುಣಸೂರಿನಿಂದ ನಾಗರಹೊಳೆ ಮೇಲೆ ಕುಟ್ಟಕ್ಕೆ ಹೋಗೋ ರಸ್ತೆ, ಕೋಟೆಯಿಂದ ಬಾವಲಿಗೆ ಹೋಗೋ ರಸ್ತೆ ಎರಡೂ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್. ಶುಕ್ರವಾರ ಆಫೀಸ್ ಮುಗಿಸಿ ರಾತ್ರಿ ಕಾಡು ದಾಟಿಕೊಂಡು ಕುಟ್ಟ ಸೇರ್ತೀವಿ ಅನ್ನೋ ಲೆಕ್ಕಾಚಾರ ಇಟ್ಟುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ. ಗೋಣಿಕೊಪ್ಪ, ಶ್ರೀಮಂಗಲ ಮೇಲೆ ಸುತ್ತಿ ಹೋಗಬೇಕು, ತಲುಪೋ ಹೊತ್ತಿಗೆ ಹೋಂಸ್ಟೇಯವರು ಊಟ ಮುಚ್ಚಿಟ್ಟು ಮಲಗಿರ್ತಾರೆ.

ಸರಿ, ಕುಟ್ಟದ ಹೋಂಸ್ಟೇ. ಏಜೆಂಟ್ ಎಡವಟ್ಟು ಮಾಡಿದನೇ ಹೊರತು ಮನೆಯವರು ಬಂಗಾರದಂಥ ಜನ. ಸಫಾರಿ ತಪ್ಪಿಸಿಕೊಂಡು ಹನ್ನೊಂದು ಗಂಟೆಗೆ ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದರೆ, ಆ ಮನೆಯ ಆಂಟಿ ಬಾಗಿಲಲ್ಲೇ ನಿಂತು 'ನಿಮ್ಗೆ ಯಾರು ಹೇಳಿದ್ದು ಅಷ್ಟು ದೂರ ಹೋಗಕ್ಕೆ? ನಾಣಚ್ಚಿ ಇಲ್ಲೇ ಇದೆಯಲ್ಲ, ನಿನ್ನೆ ರಾತ್ರಿನೇ ಒಂದು ಮಾತು ಕೇಳಬಾರದಿತ್ತಾ?' ಅಂತ ಬೈದು, ಬಿಸಿ ಬಿಸಿ ಕಡಂಬುಟ್ಟು, ಅಂದ್ರೆ ಅಕ್ಕಿ ತರಿಯ ಉಂಡೆ, ಬಡಿಸಿದರು. ಅಮ್ಮನಿಗೆ ತರಕಾರಿ ಗಸಿ, ನಮಗೆ ಪಂದಿ ಕರಿ. ಭಾವನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಮಧ್ಯಾಹ್ನ ಅವರೇ ಕಳಿಸಿದ ಜೀಪಿನಲ್ಲಿ ನಾಣಚ್ಚಿಗೆ ಹೋದೆವು, ಸೀಟು ಸಿಕ್ಕಿತು, ಒಂದು ಹಿಂಡು ಕಾಟಿ ಮತ್ತು ರಸ್ತೆ ಮಧ್ಯದಲ್ಲೇ ಆಟ ಆಡುತ್ತಿದ್ದ ಐದು ಸೀಳುನಾಯಿ ಕಂಡವು. ಹುಲಿ ಇಲ್ಲ. ಆದರೂ ಮಗಳಿಗೆ ಇವತ್ತಿಗೂ ಆ ಸೀಳುನಾಯಿಗಳದ್ದೇ ಜಪ.

ತಲೆಗೆ 2,500 ರೂಪಾಯಿ ಕೊಟ್ಟಿದ್ದೆವು, ಊಟ ತಿಂಡಿ ಎಲ್ಲ ಸೇರಿ. ಸಫಾರಿ ಬೇರೆ. ರೂಮು ಸಾಧಾರಣ, ಹಳೇ ಮಂಚ, ಕಿಟಕಿ ತೆಗೆದರೆ ಕಾಫಿ ಗಿಡ. ಕಾಡು ಕಾಣಲ್ಲ, ಇದನ್ನು ಮೊದಲೇ ತಿಳ್ಕೊಂಡಿರಿ. 'ಕಾಡಂಚಿನ ಮನೆ' ಅಂತ ಹಾಕಿರ್ತಾರೆ, ಹೋದರೆ ಕಾಫಿ ತೋಟದ ಮಧ್ಯ ಇರುತ್ತೆ. ಹಾಗಂತ ಆನೆ ಬರಲ್ಲ ಅಂತಲ್ಲ. ಅವತ್ತು ರಾತ್ರಿ ಎಂಟೂವರೆಗೇ 'ಇನ್ನು ಯಾರೂ ಅಂಗಳಕ್ಕೆ ಇಳೀಬೇಡಿ' ಅಂತ ಹೇಳಿ ಹೊರಗಿನ ಲೈಟ್ ಹಾಕಿ ಹೋದರು, ಬೆಳಗ್ಗೆ ನೋಡಿದರೆ ಬಾಳೆಗಿಡ ಎರಡು ನೆಲಕ್ಕೆ ಮಲಗಿದ್ದವು. ಮಳೆಗಾಲದಲ್ಲಿ ಈ ಕಡೆ ಬರೋದಾದರೆ ಎರಡು ವಿಷಯ ಫೋನಿನಲ್ಲೇ ಕೇಳಿ. ಕರೆಂಟು ಹೋದರೆ ಏನು ವ್ಯವಸ್ಥೆ, ಬಿಸಿನೀರು ಸೌದೆ ಒಲೆಯದ್ದೋ ಗೀಸರ್‌ದೋ. ಸೌದೆ ಒಲೆಯದ್ದಾದರೆ ನೆಮ್ಮದಿ, ಕರೆಂಟನ್ನು ನಂಬಿಕೊಂಡು ಕೂರಬೇಕಿಲ್ಲ. ಜಿಗಣೆ ಬಗ್ಗೆ ಕೇಳೋದೇ ಬೇಡ, ಇರುತ್ತೆ.

ಇನ್ನೊಂದು, ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಅಂತ ಕೇಳೋದಕ್ಕೆ ಸಂಕೋಚ ಬೇಡ. ಕಾಡಿನ ಸುತ್ತ ಅನುಮತಿ ಇಲ್ಲದೆ ತಲೆ ಎತ್ತಿದವು ಬೇಕಾದಷ್ಟಿವೆ. ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ ಅಂತ ಘೋಷಣೆ ಆಗಿ, ಎಲ್ಲೆಂದರಲ್ಲಿ ಹೊಸ ಕಟ್ಟಡ ಏಳೋ ಹಾಗಿಲ್ಲ ಅಂತಾಯಿತು. ಆದರೂ ಹೊಸ ಹೆಸರುಗಳು ಬರ್ತಾನೇ ಇರುತ್ತವೆ. ನೀವು ಮುಂಗಡ ಕೊಟ್ಟ ಮೇಲೆ ಅಧಿಕಾರಿಗಳು ಬಂದು ಬೀಗ ಹಾಕಿದರೆ ಆ ದುಡ್ಡನ್ನು ಯಾರ ಹತ್ತಿರ ಕೇಳ್ತೀರಿ?

ಬಂಡೀಪುರಕ್ಕೆ ಬರೋಣ. ಇಲ್ಲಿ ಗೇಟಿನ ಗೊಂದಲ ಕಡಿಮೆ. ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಹೋದರೆ ಮೇಲುಕಾಮನಹಳ್ಳಿ ಸಿಗುತ್ತೆ, ಸಫಾರಿ ಅಲ್ಲಿಂದ. ಅರಣ್ಯ ಇಲಾಖೆಯ ಕಾಟೇಜುಗಳು ಇನ್ನೂ ಮುಂದೆ, ಕಾಡಿನ ಒಳಗೇ, ಬಂಡೀಪುರ ಕ್ಯಾಂಪಸ್‌ನಲ್ಲಿವೆ. ಆನ್‌ಲೈನ್ ಬುಕಿಂಗ್. ರಜೆ ದಿನಗಳಿಗೆ ಸಿಗೋದು ಅಂದ್ರೆ ತತ್ಕಾಲ್ ಟಿಕೆಟ್ ಸಿಕ್ಕ ಹಾಗೆ, ಕಣ್ಣು ಮಿಟುಕಿಸೋದರಲ್ಲಿ ಖಾಲಿ. ನಮಗೆ ಸಿಕ್ಕಿದ್ದು ಜುಲೈ ತಿಂಗಳ ಒಂದು ಮಂಗಳವಾರ. ಮಗಳನ್ನು ಸ್ಕೂಲಿಗೆ ಕಳಿಸದೆ ಕರ್ಕೊಂಡು ಹೋದೆವು. ಟೀಚರ್ ಇದನ್ನು ಓದದಿದ್ದರೆ ಸಾಕು.

ನನ್ನ ಪಾಲಿಗೆ ಈ ನಾಲ್ಕರಲ್ಲಿ ಇದೇ ಮೊದಲು. ರೂಮಿನಿಂದಲ್ಲ. ರೂಮು ಸರ್ಕಾರಿ ರೂಮಿನ ಹಾಗೇ ಇರುತ್ತೆ, ಟೈಲ್ಸು, ಟ್ಯೂಬ್‌ಲೈಟು, ಸೊಳ್ಳೆಬತ್ತಿ ನೀವೇ ಒಯ್ಯಬೇಕು. ಆದರೆ ರಾತ್ರಿ ಒಂಬತ್ತು ಆಗಲಿ ಅಂತ ಕಾಯಿರಿ. ಈ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಬೆರಳೆಣಿಕೆಯ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಏನೂ ಓಡಾಡಲ್ಲ. ಎಂಟೂವರೆಯಿಂದ ಲಾರಿಗಳು ಗೇಟು ಹಾಕೋದರೊಳಗೆ ದಾಟಿಬಿಡೋಣ ಅಂತ ಗುಡುಗುಡು ಓಡುತ್ತವೆ, ಒಂಬತ್ತಾದ ಮೇಲೆ ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ಸದ್ದು ನಿಲ್ಲುತ್ತೆ. ಆಮೇಲೆ ಕೇಳೋದೆಲ್ಲ ಕಾಡಿನದ್ದೇ. ಜೀರುಂಡೆ, ಎಲ್ಲೋ ಒಂದು ಜಿಂಕೆ ಬೆದರಿ ಕೂಗಿದ್ದು, ಮತ್ತೆ ಸುಮ್ನೆ. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಹನ್ನೊಂದರವರೆಗೆ ಕೂತಿದ್ದೆವು, ಅಂಗಳದಲ್ಲಿ ಜಿಂಕೆ ಹಿಂಡು ಮನೆ ದನದ ಹಾಗೆ ಮಲಗಿತ್ತು. ಅಮ್ಮ 'ನಮ್ಮೂರಲ್ಲಿ ಹಿಂದೆ ರಾತ್ರಿ ಹೀಗೇ ಇರ್ತಿತ್ತು' ಅಂದರು. ಸಫಾರಿಯಲ್ಲಿ ಅವತ್ತು ಏನೂ ಕಾಣಲಿಲ್ಲ, ಮಳೆಗೆ ಲಂಟಾನ ಪೊದೆ ಆಳೆತ್ತರ ಬೆಳೆದುಬಿಟ್ಟಿರುತ್ತೆ, ಪಕ್ಕದಲ್ಲೇ ಆನೆ ನಿಂತಿದ್ದರೂ ಗೊತ್ತಾಗಲ್ಲ. ಆದರೂ ನನಗೆ ದುಡ್ಡು ದಂಡ ಅನ್ನಿಸಲಿಲ್ಲ.

ತೊಂದರೆಗಳೂ ಇವೆ. ಒಂಬತ್ತರೊಳಗೆ ಒಳಗಿರಬೇಕು, ಇಲ್ಲಾಂದ್ರೆ ಚೆಕ್‌ಪೋಸ್ಟಿನ ಈಚೆಗೇ ನಿಮ್ಮ ರಾತ್ರಿ. ಊಟ ಬೇಕಾದರೆ ಮೊದಲೇ ಹೇಳಿಡಬೇಕು. ಕುಡಿತ, ಪಾರ್ಟಿ ಎಲ್ಲ ನಡೆಯಲ್ಲ, ಇದನ್ನು ತೊಂದರೆ ಅನ್ನೋರು ಬೇರೆ ಕಡೆ ನೋಡಿಕೊಳ್ಳಿ. ಸಫಾರಿಗೆ ಬೆಳಗ್ಗೆ ಮತ್ತೆ ಮೇಲುಕಾಮನಹಳ್ಳಿಗೆ ಹಿಂದಕ್ಕೆ ಬರಬೇಕು, ಸ್ವಂತ ಗಾಡಿ ಇಲ್ಲದಿದ್ದರೆ ಕಷ್ಟ. ರೂಮು ಸಿಕ್ಕಿತು ಅಂದ ಮಾತ್ರಕ್ಕೆ ಸಫಾರಿ ಸೀಟು ಸಿಕ್ಕಿತು ಅಂತಲ್ಲ, ಅದನ್ನೂ ವಿಚಾರಿಸಿಕೊಳ್ಳಿ.

ಖಾಸಗಿ ರೆಸಾರ್ಟಿನ ಕಥೆ ಬೇಗ ಮುಗಿಸ್ತೀನಿ. ಬಂಡೀಪುರದ ಹತ್ತಿರದ್ದೇ, ಹೆಸರು ಬೇಡ. ಆಫೀಸಿನವರ ಜೊತೆ ಹೋಗಿದ್ದು. 'ಜಂಗಲ್ ವ್ಯೂ' ರೂಮಿಗೆ ಅಂತ ಜಾಸ್ತಿ ದುಡ್ಡು ಹಾಕಿದ್ದರು. ಪರದೆ ಸರಿಸಿದರೆ ಸೂರ್ಯಕಾಂತಿ ಹೊಲ, ಹೊಲದ ಆಚೆ ಸೋಲಾರ್ ಬೇಲಿ, ಬೇಲಿಯ ಆಚೆ ಆನೆ ಕಂದಕ, ಅದರ ಆಚೆ ದೂರದಲ್ಲಿ ಒಂದು ಹಸಿರು ಗೀಟು. ಅದೇ ಜಂಗಲ್ಲು. ಸೂರ್ಯಕಾಂತಿ ಚೆನ್ನಾಗಿತ್ತು ಬಿಡಿ. ಆದರೆ ರಾತ್ರಿ ಈಜುಕೊಳದ ಪಕ್ಕ ಕ್ಯಾರಿಯೋಕಿ ಹಾಕಿದರು. ಹುಲಿ ಇರೋ ಕಾಡಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ನಮ್ಮ ಟೀಮ್ ಲೀಡರ್ ಮೈಕ್ ಹಿಡಿದು ಅರಚಿದ್ದನ್ನು ನಾನು ಕಣ್ಣಾರೆ ನೋಡಿದೆ, ಕಿವಿಯಾರೆ ಕೇಳಿದೆ. ಹಾಸಿಗೆ ಮೆತ್ತಗಿತ್ತು, ಬುಫೆಯಲ್ಲಿ ಇಪ್ಪತ್ತು ಬಗೆ ಇತ್ತು, ಮಕ್ಕಳಿಗೆ ಆಟದ ಜಾಗ ಇತ್ತು. ಇವೇ ಬೇಕು ಅಂದ್ರೆ ಮೈಸೂರಲ್ಲೇ ಸಿಗ್ತಿತ್ತಲ್ಲ, ಇಷ್ಟು ದೂರ ಯಾಕೆ ಬರಬೇಕಿತ್ತು ಅಂತ ನನ್ನ ಪ್ರಶ್ನೆ.

ಈ ಥರದ ಜಾಗಕ್ಕೆ ದುಡ್ಡು ಸುರಿಯೋ ಮೊದಲು ಒಂದು ವಿಷಯ ಗೊತ್ತಿರಲಿ. ಹುಲಿ ಸಂರಕ್ಷಿತ ಪ್ರದೇಶದ ಕೋರ್ ಕಾಡಿನಲ್ಲಿ, ಅಂದ್ರೆ ನಡುಭಾಗದ ಕಾಡಿನಲ್ಲಿ, ಪ್ರವಾಸಿಗರಿಗೆ ಬಿಡೋದು ಹೆಚ್ಚೆಂದರೆ ಶೇ 20 ಭಾಗ ಮಾತ್ರ. ಆ ಭಾಗದಲ್ಲೂ ರೆಸಾರ್ಟಿನವರು ತಮ್ಮ ಜೀಪು ತಂದು ಓಡಿಸೋ ಹಾಗಿಲ್ಲ. ಅರಣ್ಯ ಇಲಾಖೆಯ ಗಾಡಿ, ಇಲ್ಲವೇ ಜಂಗಲ್ ಲಾಡ್ಜಸ್ ಗಾಡಿಯೇ ಗತಿ. ಕಬಿನಿಯಲ್ಲಂತೂ ರಾತ್ರಿಗೆ ಅರ್ಧ ಲಕ್ಷ ಕೊಡೋ ಅತಿಥಿಯೂ ಬೆಳಗ್ಗೆ ಎದ್ದು ಅದೇ ಹಸಿರು ಜೀಪು ಹತ್ತಬೇಕು, ಅದೇ ದಾರಿಯಲ್ಲಿ ಅದೇ ಧೂಳು ಕುಡೀಬೇಕು. ರೂಮಿಗೆ ಕೊಟ್ಟ ದುಡ್ಡಿಗೂ ಹುಲಿ ಕಾಣೋದಕ್ಕೂ ಯಾವ ಸಂಬಂಧವೂ ಇಲ್ಲ. 'ನಮ್ಮಲ್ಲಿ ಉಳಿದರೆ ಹುಲಿ ಗ್ಯಾರಂಟಿ' ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ.

ಈಗ ಜಂಗಲ್ ಲಾಡ್ಜಸ್. ಕಾರಾಪುರದಲ್ಲಿರೋ ಕಬಿನಿ ರಿವರ್ ಲಾಡ್ಜ್. ಭಾವನ ಐವತ್ತನೇ ಹುಟ್ಟುಹಬ್ಬ ಅಂತ ನೆಪ ಹೇಳಿಕೊಂಡು ಹೋಗಿದ್ದು, ಇಲ್ಲದಿದ್ದರೆ ನಮ್ಮ ಕೈಗೆ ಸಿಗೋ ರೇಟಲ್ಲ. ಇಲ್ಲಿ ಲೆಕ್ಕ ರೂಮಿಗಲ್ಲ, ತಲೆಗೆ. ಇದನ್ನು ಗಮನಿಸದೆ 'ಪರವಾಗಿಲ್ವೇ' ಅಂದುಕೊಂಡು ಕೊನೆಯ ಪುಟದಲ್ಲಿ ನಾಲ್ಕರಿಂದ ಗುಣಿಸಿದ ಮೊತ್ತ, ಮೇಲೆ ಜಿಎಸ್‌ಟಿ ನೋಡಿ ಬೆಚ್ಚಿಬಿದ್ದವರಲ್ಲಿ ನಾನೂ ಒಬ್ಬ. ಆದರೆ ಅದರಲ್ಲಿ ಊಟ, ತಿಂಡಿ, ಸಂಜೆ ಒಂದು ಸಫಾರಿ, ಬೆಳಗ್ಗೆ ಒಂದು ಸಫಾರಿ ಎಲ್ಲ ಸೇರಿರುತ್ತೆ. ದೊಡ್ಡ ಲೆನ್ಸಿನ ಕ್ಯಾಮೆರಾಕ್ಕೆ ಮಾತ್ರ ಬೇರೆ ಶುಲ್ಕ. ಭಾವ ಅದನ್ನು ಕೊಡುವಾಗ ಅವರ ಮುಖ ನೋಡಬೇಕಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಒಳಗೆ ಹೋಗಬೇಕು, ಮಾರನೇ ದಿನ ತಿಂಡಿ ಮುಗಿಸಿ ಹೊರಗೆ ಬರಬೇಕು. ಇಡೀ ದಿನ ಅಂತ ಸಿಗಲ್ಲ. ಅದಕ್ಕೇ ಬೆಂಗಳೂರಿನಿಂದ ಹೊರಡೋರು ಬೆಳಗ್ಗೆ ಆರಕ್ಕೇ ಮನೆ ಬಿಡಿ. ಎಚ್.ಡಿ. ಕೋಟೆ ತಲುಪಿ 'ಇನ್ನೇನು ಬಂತು' ಅಂದುಕೊಂಡು ಸಂಜೆ ಸಫಾರಿ ತಪ್ಪಿಸಿಕೊಂಡರೆ ಅರ್ಧ ದುಡ್ಡು ಹೊಳೆಗೆ ಹಾಕಿದ ಹಾಗೆ.

ಜಾಗ ಮಾತ್ರ... ಹೇಗೆ ಹೇಳಲಿ. ಮೈಸೂರು ಮಹಾರಾಜರ ಕಾಲದ ಬೇಟೆ ಬಂಗಲೆ ಇರೋ ಕ್ಯಾಂಪಸ್ಸು. ಮರಗಳೂ ಆ ಕಾಲದವೇ ಇರಬೇಕು, ಒಂದೊಂದೂ ನಾಲ್ಕು ಜನ ಕೈಚಾಚಿ ತಬ್ಬಬೇಕು. ಊಟಕ್ಕೆ ಗೋಲ್ ಘರ್ ಅಂತ ದುಂಡಗಿನ ಜಾಗ, ಎದುರಿಗೇ ಹಿನ್ನೀರು. 1980ರಲ್ಲಿ ಶುರುವಾದ ಈ ಸಂಸ್ಥೆಗೆ ಹೆಸರು ತಂದಿದ್ದೇ ಈ ಜಾಗ. ಈ ಲಾಡ್ಜನ್ನು ನೋಡಿಕೊಂಡು ಬೆಳೆಸಿದ, 2010ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರನ್ನು ಹಳೇ ಸಿಬ್ಬಂದಿ ಇವತ್ತಿಗೂ 'ಪಾಪಾ' ಅಂತಲೇ ನೆನೆಸ್ತಾರೆ. ರಾತ್ರಿ ಊಟಕ್ಕೆ ಮೊದಲು ಕಾಡಿನ ಬಗ್ಗೆ ಒಂದು ಚಿತ್ರ ಹಾಕಿದರು. ಮಗಳು ಅದರ ಮಧ್ಯೆ ನಿದ್ದೆ ಹೋದಳು, ಕ್ಯಾರಿಯೋಕಿಗಿಂತ ಸಾವಿರ ಪಾಲು ವಾಸಿ.

ಕಬಿನಿಗೆ ಯಾವಾಗ ಹೋಗ್ತೀರಿ ಅನ್ನೋದು ಎಲ್ಲಿ ಉಳೀತೀರಿ ಅನ್ನೋದರಷ್ಟೇ ಮುಖ್ಯ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಆದ ಹಿನ್ನೀರು ಇದು. ಮಳೆಗಾಲ ಮುಗಿದಾಗ ತುಂಬಿ ತುಳುಕುತ್ತಾ ಇರುತ್ತೆ, 'ರಿವರ್ ವ್ಯೂ' ಫೋಟೊಗಳೆಲ್ಲ ಆವಾಗಿನವು. ಆದರೆ ಪ್ರಾಣಿಗಳು ಸಿಗೋದು ನೀರು ಇಳಿದ ಮೇಲೆ. ಮಾರ್ಚ್‌ನಿಂದ ಮೇ ತನಕ ನೀರು ಹಿಂದೆ ಸರಿದು, ಬಯಲಾದ ನೆಲದಲ್ಲಿ ಹಸಿರು ಹುಲ್ಲು ಹುಟ್ಟುತ್ತೆ. ಸುತ್ತಲ ಕಾಡು ಒಣಗಿ ನಿಂತಿರುವಾಗ ಆನೆಗಳು ಗುಂಪು ಗುಂಪಾಗಿ ಅಲ್ಲಿಗೆ ಇಳಿದು ಬರ್ತವೆ. ನಾವು ಹೋಗಿದ್ದು ಏಪ್ರಿಲ್ ಎರಡನೇ ವಾರ. ಸೆಕೆ ಅಂದ್ರೆ ಸೆಕೆ, ರೂಮಿನಿಂದ ಕಾಣೋದು ನೀರಲ್ಲ, ಬಿರುಕು ಬಿಟ್ಟ ಕೆಸರು. ಆದರೆ ದೋಣಿ ಸಫಾರಿಯಲ್ಲಿ ಒಂದೇ ಕಡೆ ಅರವತ್ತರವರೆಗೆ ಎಣಿಸಿ ಮಗಳು ಎಣಿಸೋದನ್ನೇ ಬಿಟ್ಟಳು. ಒಂದು ಮರಿ ತಾಯಿಯ ಹೊಟ್ಟೆ ಕೆಳಗೆ ನಿಂತು ಸೊಂಡಿಲಿನಲ್ಲಿ ನೀರು ಎತ್ತೋದಕ್ಕೆ ಕಲೀತಾ ಇತ್ತು, ಎತ್ತಿದ್ದೆಲ್ಲ ಬಾಯಿಗೆ ಹೋಗೋ ಮೊದಲೇ ಚೆಲ್ಲಿಹೋಗ್ತಿತ್ತು. ಕರಿಚಿರತೆ ನೋಡಲೇಬೇಕು ಅಂತ ಬಂದಿದ್ದ ಭಾವನೂ ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತರು. ಕರಿಚಿರತೆ ಸಿಗಲಿಲ್ಲ. ಸಿಕ್ಕಿದವರ ಜೀಪು ನಮಗೆ ಎದುರಾಯಿತು, ಅಷ್ಟೇ.

ವಯಸ್ಸಾದವರನ್ನು ಕರ್ಕೊಂಡು ಹೋಗೋರಿಗೆ ಎರಡು ಮಾತು. ಜೀಪಿಗೆ ಹತ್ತೋದು ಮಂಡಿನೋವಿದ್ದವರಿಗೆ ಹಿಂಸೆ, ಮೆಟ್ಟಿಲು ಎತ್ತರ, ಹಿಂದಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ. ಅಮ್ಮನನ್ನು ನಾವು ಬೆಳಗಿನ ಜೀಪಿಗೆ ಹತ್ತಿಸಲಿಲ್ಲ, ಸಂಜೆ ದೋಣಿಯಲ್ಲೇ ಅವರಿಗೆ ಹಬ್ಬ ಆಗಿತ್ತು. ಇಲಾಖೆಯ ಬಸ್ಸಿನಲ್ಲಿ ಹತ್ತೋದು ಸಲೀಸು, ಮುಂದಿನ ಸೀಟು ಕೇಳಿ ಕೂರಿಸಿ. ರೂಮು ನೋಡುವಾಗ ಊಟದ ಜಾಗದಿಂದ ಎಷ್ಟು ದೂರ, ನಡುವೆ ಮೆಟ್ಟಿಲಿದೆಯಾ ಅಂತ ಕೇಳಿ. ದೊಡ್ಡ ಕ್ಯಾಂಪಸ್ಸುಗಳಲ್ಲಿ ಕೊನೆಯ ಕಾಟೇಜು ಕೊಟ್ಟರೆ ರಾತ್ರಿ ಟಾರ್ಚ್ ಹಿಡಿದು ಅವರನ್ನು ನಡೆಸೋದು ಸಾಹಸವೇ.

ಮತ್ತೊಂದು ಮರೆತಿದ್ದೆ. ಬುಕ್ ಮಾಡೋ ದಿನ ಸಫಾರಿ ನಡೀತಾ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ನಗಬೇಡಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿತು. ತಪ್ಪೇನಿಲ್ಲ, ಊರಿನವರು ಹೊಲಕ್ಕೆ ಹೋಗಲು ಹೆದರುತ್ತಿರುವಾಗ ನಾವು ಟೋಪಿ ಹಾಕಿಕೊಂಡು ಜೀಪಿನಲ್ಲಿ ಸುತ್ತೋದು ನೋಡೋಕೂ ಚೆನ್ನಾಗಿರಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದಾಗಲೂ ಸಫಾರಿ ನಿಂತಿತ್ತು. ಇಂಥ ಹೊತ್ತಲ್ಲಿ ರೂಮಿನ ದುಡ್ಡು ವಾಪಸ್ ಕೊಡ್ತಾರಾ, ಬೇರೆ ದಿನ ಕೊಡ್ತಾರಾ ಅಂತ ಮುಂಗಡ ಕಟ್ಟೋ ಮೊದಲೇ ಬರಹದಲ್ಲಿ ತಗೊಳ್ಳಿ. ಫೋನಿನಲ್ಲಿ 'ನೋಡ್ಕೊಳೋಣ ಸಾರ್' ಅಂದ್ರೆ ಕೊಡಲ್ಲ ಅಂತಲೇ ಅರ್ಥ.

ಮುಂದಿನ ಸಲಕ್ಕೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ ಅಂತ ಮನೆಯಲ್ಲಿ ಮಾತು ನಡೀತಿದೆ. ಕಾಡಿನ ಮಧ್ಯದಲ್ಲೇ ಟೆಂಟ್ ಮನೆಗಳು, ಅಂಗಳಕ್ಕೇ ಹಂದಿ, ಜಿಂಕೆ ಬರ್ತವಂತೆ. ಭಾವ ಈಗಾಗಲೇ ಲೆನ್ಸ್ ಒರೆಸ್ತಾ ಕೂತಿದ್ದಾರೆ. ಮಗಳು 'ಅಲ್ಲಿ ಸೀಳುನಾಯಿ ಇದೆಯಾ' ಅಂತ ಕೇಳಿದಳು. ಅಮ್ಮ ಕೇಳಿದ್ದು ಒಂದೇ, 'ಟೆಂಟಲ್ಲಿ ಕಮೋಡ್ ಇರುತ್ತಾ?' ನಾಳೆ ಬೆಳಗ್ಗೆ ಫೋನ್ ಮಾಡಿ ಅದನ್ನೇ ಮೊದಲು ವಿಚಾರಿಸಬೇಕು.